ಬಿಗಿ ತಪ್ಪಿದ ಬೋಲ್ಟು

ಹಡಗಿನ ಎಂಜಿನ್ನಿನಲ್ಲಿ ಬೋಲ್ಟೊಂದು ತುಂಡಾದರೆ ಮೊದಲು ಕೇಳಿಬರುವ ಮಾತು, ‘ಬೋಲ್ಟು ಕಳಪೆ’. ಎರಡನೆಯದು, ‘ಜಾಸ್ತಿ ಟೈಟ್ ಮಾಡಿಬಿಟ್ಟಿದ್ದಾರೆ’. ಎರಡೂ ಒಮ್ಮೊಮ್ಮೆ ನಿಜ. ಆದರೆ ನೂರಾರು ಗಂಟೆ ಚೆನ್ನಾಗಿಯೇ ಓಡಿ, ಯಾವ ಸೂಚನೆಯನ್ನೂ ಕೊಡದೆ ಮುರಿದ ಬೋಲ್ಟಿನ ವಿಷಯದಲ್ಲಿ ಈ ಎರಡು ಮಾತೂ ಸಾಮಾನ್ಯವಾಗಿ ತಪ್ಪು. ಅಂಥ ಬೋಲ್ಟನ್ನು ಕೊಂದದ್ದು ಹೆಚ್ಚಿನ ಸಲ ಸಾಲದ ಬಿಗಿ. ಬಿಗಿ ಸ್ವಲ್ಪ ಕಡಿಮೆಯಿದ್ದರೆ ಬೋಲ್ಟಿಗೆ ಆರಾಮ, ಅದರ ಆಯುಷ್ಯ ಹೆಚ್ಚುತ್ತದೆ ಎಂದು ನಮ್ಮ ಅಂದಾಜು ಹೇಳುತ್ತದೆ. ಲೆಕ್ಕ ಹೇಳುವುದು ಅದಕ್ಕೆ ತದ್ವಿರುದ್ಧ. ಈ ಒಂದು ಸಂಗತಿ ಎಂಜಿನ್ ಬಿಚ್ಚಿ ಜೋಡಿಸುವ ಪ್ರತಿಯೊಬ್ಬರಿಗೂ ಮನದಟ್ಟಾದರೆ ಎಷ್ಟೋ ಎಂಜಿನ್ನುಗಳು, ಕೆಲವು ಜೀವಗಳೂ ಉಳಿದಾವು ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಒಂದು ಡೀಸೆಲ್ ಎಂಜಿನ್ನಿನಲ್ಲಿ ಬೋಲ್ಟುಗಳು ನೂರಾರು. ಅವುಗಳಲ್ಲಿ ಕನೆಕ್ಟಿಂಗ್ ರಾಡಿನ ಕೆಳತುದಿಯ ಬೋಲ್ಟುಗಳಷ್ಟು ಕಷ್ಟ ಅನುಭವಿಸುವವು ಬೇರೆ ಇಲ್ಲ. ಪಿಸ್ಟನ್ನಿನ ಮೇಲೆ ಕೆಳಗಿನ ಓಟವನ್ನು ಕ್ರ್ಯಾಂಕ್‌ಶಾಫ್ಟಿನ ತಿರುಗಾಟವಾಗಿ ಮಾಡುವುದು ಈ ರಾಡು. ಅದರ ಕೆಳತುದಿ, ಮೆಕ್ಯಾನಿಕ್ಕುಗಳ ಬಾಯಲ್ಲಿ ಬಿಗ್ ಎಂಡ್, ಎರಡು ಹೋಳಾಗಿರುತ್ತದೆ. ಮೇಲಿನ ಹೋಳು ರಾಡಿನದೇ ಭಾಗ, ಕೆಳಗಿನದು ಕ್ಯಾಪು. ನಡುವೆ ಬೇರಿಂಗ್ ಕೂರಿಸಿ, ಕ್ರ್ಯಾಂಕ್ ಪಿನ್ನನ್ನು ಅಪ್ಪಿಕೊಳ್ಳುವಂತೆ ಎರಡನ್ನೂ ಕೂಡಿಸಿ ಹಿಡಿಯುವುದು ಎರಡು ಅಥವಾ ನಾಲ್ಕು ಬೋಲ್ಟುಗಳು. ಇವುಗಳಲ್ಲಿ ಒಂದು ಮುರಿದರೆ ಉಳಿದವುಗಳ ಮೇಲೆ ಭಾರ ಬಿದ್ದು ಅವೂ ಕ್ಷಣಾರ್ಧದಲ್ಲಿ ಹೋಗುತ್ತವೆ. ಹಿಡಿತ ತಪ್ಪಿದ ರಾಡು ಒಳಗೇ ಬೀಸಾಡತೊಡಗುತ್ತದೆ. ಕ್ರ್ಯಾಂಕ್‌ಕೇಸಿನ ಬಾಗಿಲು ಒಡೆಯುತ್ತದೆ, ಒಮ್ಮೊಮ್ಮೆ ಎರಕದ ಬ್ಲಾಕೇ ಸೀಳುತ್ತದೆ. ಬಿಸಿ ಎಣ್ಣೆ ಹೊರಚಿಮ್ಮಿ ಬೆಂಕಿ ಹತ್ತುವ ಸಂಭವ ದೊಡ್ಡದು. ವಿದ್ಯುತ್ ಕೊಡುವ ಜನರೇಟರ್ ಎಂಜಿನ್ನಿನಲ್ಲಿ ಇದು ನಡೆದರೆ ಇಡೀ ಹಡಗು ಕತ್ತಲಾಗಬಹುದು, ಚುಕ್ಕಾಣಿಯ ಶಕ್ತಿಯೂ ಹೋಗಬಹುದು. ಬಂದರಿನ ಕಿರಿದಾದ ಕಾಲುವೆಯಲ್ಲಿ ಹೀಗಾದರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ.

ಈ ಬೋಲ್ಟನ್ನು ಎಳೆಯುವ ಬಲ ಎಲ್ಲಿಂದ ಬರುತ್ತದೆ? ಸಿಲಿಂಡರಿನೊಳಗಿನ ಸ್ಫೋಟದಿಂದ ಎಂದು ಹಲವರು ಭಾವಿಸುತ್ತಾರೆ. ಆದರೆ ಇಂಧನ ಉರಿದಾಗ ರಾಡು ಕೆಳಕ್ಕೆ ಒತ್ತಲ್ಪಡುತ್ತದೆ, ಆಗ ಕ್ಯಾಪಿನ ಬೋಲ್ಟಿಗೆ ಹೆಚ್ಚಿನ ಕೆಲಸವಿಲ್ಲ. ಬೋಲ್ಟಿನ ಗಂಡಾಂತರ ಇರುವುದು ಸಿಲಿಂಡರ್ ಖಾಲಿಯಿರುವ ಗಳಿಗೆಯಲ್ಲಿ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಹೊಗೆ ಹೊರಹೋಗಿ ಹೊಸ ಗಾಳಿ ಒಳಬರುವ ಹೊತ್ತಿಗೆ ಪಿಸ್ಟನ್ ತುದಿ ಮುಟ್ಟಿ ಹಿಂದಿರುಗಬೇಕು. ಅದನ್ನು ಕೆಳಕ್ಕೆ ನೂಕಲು ಆಗ ಮೇಲಿನಿಂದ ಅನಿಲದ ಒತ್ತಡವಿಲ್ಲ. ಮೇಲಕ್ಕೆ ಧಾವಿಸುತ್ತಿದ್ದ ಪಿಸ್ಟನ್ನನ್ನು ತಡೆದು ಕೆಳಕ್ಕೆ ಎಳೆದುಕೊಂಡು ಬರುವ ಪೂರ್ತಿ ಹೊಣೆ ಕ್ಯಾಪಿನದು, ಅಂದರೆ ಬೋಲ್ಟುಗಳದು. ಒಂದು ಲೆಕ್ಕ ಹಾಕೋಣ. ಪಿಸ್ಟನ್ ಮತ್ತು ಅದರೊಂದಿಗೆ ಮೇಲೆ ಕೆಳಗೆ ಓಡುವ ಭಾಗಗಳ ತೂಕ 100 ಕಿಲೋ, ಸ್ಟ್ರೋಕ್ 320 ಮಿಲಿಮೀಟರ್, ವೇಗ ನಿಮಿಷಕ್ಕೆ 750 ಸುತ್ತು ಎಂದಿಟ್ಟುಕೊಳ್ಳಿ. ತುದಿಯಲ್ಲಿ ಆ 100 ಕಿಲೋ ಎಳೆಯುವ ಬಲ ಸುಮಾರು 12 ಟನ್. ರಾಡಿನ ಕೆಳತುದಿಯ ತಿರುಗುವ ತೂಕದ ಎಳೆತ ಇದಕ್ಕೆ ಸೇರಬೇಕಾದ್ದು ಬೇರೆ.

ಈ ಬಲ ವೇಗದ ವರ್ಗದಂತೆ ಏರುತ್ತದೆ. ವೇಗ ನೂರಕ್ಕೆ 15ರಷ್ಟು ಹೆಚ್ಚಿದರೆ ಎಳೆತ ನೂರಕ್ಕೆ 32ರಷ್ಟು ಹೆಚ್ಚುತ್ತದೆ. ವೇಗವನ್ನು ಹಿಡಿತದಲ್ಲಿಡುವ ಗವರ್ನರ್ ಕೈಕೊಟ್ಟು ಎಂಜಿನ್ ಕೆಲವೇ ಸೆಕೆಂಡು ಅತಿವೇಗಕ್ಕೆ ಹೋಗಿ ಬಂದರೂ ಆ ಎಂಜಿನ್ನಿನ ರಾಡ್ ಬೋಲ್ಟುಗಳನ್ನೆಲ್ಲ ಬದಲಿಸಿ ಎಂದು ತಯಾರಕರು ಪಟ್ಟುಹಿಡಿಯುವುದು ಇದಕ್ಕಾಗಿಯೇ. ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡ ಮೇಲೂ ಅದೇ ನಿಯಮ. ಕಣ್ಣಿಗೆ ಬೋಲ್ಟು ಹೊಸದರಂತೆ ಕಂಡರೂ ಬದಲಿಸಲೇಬೇಕು.

ದೊಡ್ಡ ಹಡಗುಗಳನ್ನು ನಡೆಸುವ ನಿಧಾನಗತಿಯ ಎರಡು ಸ್ಟ್ರೋಕಿನ ಎಂಜಿನ್ನುಗಳಲ್ಲಿ ಪ್ರತಿ ಸುತ್ತಿಗೂ ಪಿಸ್ಟನ್ನಿನ ಮೇಲೆ ಅನಿಲದ ಒತ್ತಡ ಇರುವುದರಿಂದ ರಾಡು ಬಹುತೇಕ ಯಾವಾಗಲೂ ಒತ್ತಿನಲ್ಲೇ ಇರುತ್ತದೆ. ಅಲ್ಲಿ ದಣಿಯುವವರು ಬೇರೆಯವರು: ಸಿಲಿಂಡರ್ ಕವರನ್ನು ಹಿಡಿದ ಸ್ಟಡ್ಡುಗಳು, ಅಂದರೆ ತಲೆಯಿಲ್ಲದ ಬೋಲ್ಟುಗಳು, ಮತ್ತು ಎಂಜಿನ್ನಿನ ತಲೆಯಿಂದ ತಳದವರೆಗೆ ಹಾಯ್ದು ಎಲ್ಲವನ್ನೂ ಬಿಗಿದಿಟ್ಟ ಟೈ ರಾಡುಗಳು. 500 ಮಿಲಿಮೀಟರ್ ವ್ಯಾಸದ ಸಿಲಿಂಡರಿನಲ್ಲಿ 180 ಬಾರ್ ಒತ್ತಡ ಎದ್ದರೆ ಕವರನ್ನು ಮೇಲಕ್ಕೆ ನೂಕುವ ಬಲ ಸುಮಾರು 360 ಟನ್. ಎಂಟು ಸ್ಟಡ್ಡುಗಳಿದ್ದರೆ ತಲಾ 45 ಟನ್, ಪ್ರತಿ ಸುತ್ತಿಗೊಮ್ಮೆ. ಬಲ ಬರುವ ದಾರಿ ಬೇರೆಯಾದರೂ ಮುಂದೆ ಹೇಳುವ ಮಾತುಗಳೆಲ್ಲ ಅವಕ್ಕೂ ಅನ್ವಯಿಸುತ್ತವೆ.

12 ಟನ್ ಎಳೆತವನ್ನು ಒಂದು ಸಲ ತಡೆಯುವುದು ಒಳ್ಳೆಯ ಉಕ್ಕಿನ ಬೋಲ್ಟಿಗೆ ದೊಡ್ಡ ಕೆಲಸವಲ್ಲ. ತೊಂದರೆ ಇರುವುದು ಮತ್ತೆ ಮತ್ತೆ ತಡೆಯುವುದರಲ್ಲಿ. ಕೈಯಲ್ಲಿ ಎಳೆದು ತುಂಡು ಮಾಡಲಾಗದ ಕಬ್ಬಿಣದ ತಂತಿಯನ್ನು ಆಚೆ ಈಚೆ ಬಗ್ಗಿಸುತ್ತ ಹೋದರೆ ಕಡೆಗೆ ಪಟಕ್ಕನೆ ಮುರಿಯುತ್ತದಲ್ಲ, ಲೋಹದ ದಣಿವು ಎಂದರೆ ಅದೇ. ವ್ಯತ್ಯಾಸ ಇಷ್ಟೇ: ತಂತಿ ಹತ್ತಿಪ್ಪತ್ತು ಸಲಕ್ಕೆ ಹೋಗುತ್ತದೆ, ಬೋಲ್ಟು ಲಕ್ಷಗಟ್ಟಲೆ, ಕೋಟಿಗಟ್ಟಲೆ ಸಲ ತಾಳಿಕೊಂಡು ಆಮೇಲೆ ಹೋಗುತ್ತದೆ. ಈ ವಿದ್ಯಮಾನ ಜಗತ್ತಿನ ಗಮನಕ್ಕೆ ಬಂದದ್ದು ರೈಲಿನಿಂದ. 1842ರ ಮೇ 8ರಂದು ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಬೋಗಿಗಳಿಗೆ ಬೆಂಕಿ ಹತ್ತಿ, 50ಕ್ಕೂ ಹೆಚ್ಚು ಜನ ಸತ್ತರು. ದಕ್ಷಿಣ ಧ್ರುವದ ಕಡಲುಗಳನ್ನು ಸುತ್ತಿ ಬಂದಿದ್ದ ಫ್ರೆಂಚ್ ನಾವಿಕ ದ್ಯುಮೋ ದ್ಯುರ್ವಿಲ್ ತನ್ನ ಹೆಂಡತಿ ಮಗನೊಂದಿಗೆ ಅದರಲ್ಲಿ ತೀರಿಕೊಂಡ. ಮುಂದೆ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವ್ಯೋಲರ್ ವರ್ಷಗಟ್ಟಲೆ ಅಚ್ಚುಗಳನ್ನು ಪರೀಕ್ಷೆಗೊಡ್ಡಿ, ಮುರಿತಕ್ಕೆ ಕಾರಣ ಬಲದ ಗಾತ್ರಕ್ಕಿಂತ ಅದರ ಏರಿಳಿತ ಎಂದು ತೋರಿಸಿಕೊಟ್ಟ. ಏರಿಳಿತ ಒಂದು ಮಿತಿಯೊಳಗಿದ್ದರೆ ಉಕ್ಕು ಎಷ್ಟು ಕಾಲವಾದರೂ ಬಾಳುತ್ತದೆ. ಮಿತಿ ದಾಟಿದರೆ ದಿನಗಳನ್ನು ಎಣಿಸಬೇಕು.

ಆ ಎಣಿಕೆ ಎಷ್ಟು ಬೇಗ ಮುಗಿಯುತ್ತದೆ ನೋಡಿ. 750 ಸುತ್ತಿನ ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಬೋಲ್ಟಿಗೆ ದೊಡ್ಡ ಎಳೆತ ಬೀಳುತ್ತದೆ. ನಿಮಿಷಕ್ಕೆ 375, ಗಂಟೆಗೆ 22,500. ಒಂದು ಕೋಟಿ ಎಳೆತ ಮುಗಿಯಲು 19 ದಿನ ಸಾಕು. ಹಾಗಾಗಿ ದಣಿವಿನ ಮಿತಿಯೊಳಗೆ ಇರುವುದೊಂದೇ ಈ ಬೋಲ್ಟಿಗೆ ಉಳಿದಿರುವ ದಾರಿ. ಸ್ವಲ್ಪ ಮೀರಿ ನಿಭಾಯಿಸುವ ಅವಕಾಶ ಅದಕ್ಕೆ ಇಲ್ಲವೇ ಇಲ್ಲ.

ಆ ಮಿತಿ ಎಷ್ಟು? ತಲೆಯ ಮೇಲೆ 10.9 ಎಂದು ಬರೆದಿರುವ ಬೋಲ್ಟು ನಿಂತ ಎಳೆತಕ್ಕೆ ಚದರ ಮಿಲಿಮೀಟರಿಗೆ 1,000 ನ್ಯೂಟನ್ ತಡೆಯುತ್ತದೆ. ಅದೇ ಬೋಲ್ಟು ಥ್ರೆಡ್ಡಿನ ಬುಡದಲ್ಲಿ ಕೊನೆಯಿಲ್ಲದೆ ತಾಳಬಲ್ಲ ಏರಿಳಿತ ಸರಾಸರಿಯಿಂದ ಮೇಲಕ್ಕೆ ಕೆಳಕ್ಕೆ 40ರಿಂದ 50 ನ್ಯೂಟನ್ ಮಾತ್ರ. ನೂರರಲ್ಲಿ ಐದು ಪಾಲು! ಇನ್ನೂ ಆಶ್ಚರ್ಯದ ಸಂಗತಿಯೆಂದರೆ 8.8, 10.9, 12.9 ಯಾವ ದರ್ಜೆಯದಾದರೂ ಸಾಮಾನ್ಯ ರೀತಿಯಲ್ಲಿ ತಯಾರಾದ ಬೋಲ್ಟಿನ ಈ ಮಿತಿ ಹೆಚ್ಚುಕಡಿಮೆ ಒಂದೇ. ಬೋಲ್ಟು ಜೋಡಣೆಯ ಲೆಕ್ಕಕ್ಕೆ ಎಂಜಿನಿಯರರು ಆಧಾರವಾಗಿ ಹಿಡಿಯುವ ಜರ್ಮನಿಯ ವಿಡಿಐ 2230 ಎಂಬ ಕೈಪಿಡಿ ದಣಿವಿನ ಮಿತಿಯನ್ನು ಬೋಲ್ಟಿನ ವ್ಯಾಸದಿಂದ ಲೆಕ್ಕ ಹಾಕುತ್ತದೆ, ದರ್ಜೆಯಿಂದಲ್ಲ. ‘8.8 ಮುರಿಯಿತು, ಈ ಸಲ 12.9 ಹಾಕಿಬಿಡೋಣ’ ಎನ್ನುವವರು ಇದನ್ನು ಗಮನಿಸಬೇಕು. ಮೇಲಿನ ದರ್ಜೆಯ ಲಾಭ ಒಂದೇ: ಅದನ್ನು ಇನ್ನಷ್ಟು ಬಿಗಿಯಬಹುದು. ಹಳೆಯ ಟಾರ್ಕಿನಲ್ಲೇ, ಅಂದರೆ ಮೊದಲಿನಷ್ಟೇ ತಿರುವುಬಲದಲ್ಲಿ, ಬಿಗಿದರೆ ಕಾಸು ಹೆಚ್ಚು ಖರ್ಚಾದದ್ದಷ್ಟೇ ಬಂತು. ಮೇಲಾಗಿ ಅತಿ ಗಟ್ಟಿ ಉಕ್ಕಿಗೆ ಗೀರು, ತುಕ್ಕು, ಲೇಪನದ ವೇಳೆ ಒಳಸೇರುವ ಹೈಡ್ರೋಜನ್ ಇವೆಲ್ಲ ಬೇಗ ತಾಗುತ್ತವೆ.

ಹಾಗಾದರೆ 12 ಟನ್ ಎಳೆಯುವ ಎಂಜಿನ್ನಿನಲ್ಲಿ ಅಷ್ಟು ಸಣ್ಣ ಮಿತಿಯ ಬೋಲ್ಟು ಹೇಗೆ ಉಳಿಯುತ್ತದೆ? ಉತ್ತರ ಬಿಗಿಯಲ್ಲಿದೆ. ನಟ್ಟು ಬಿಗಿದಂತೆ ಬೋಲ್ಟು ಉದ್ದವಾಗುತ್ತದೆ. ಅದು ಹಿಡಿದಿರುವ ಉಕ್ಕಿನ ಹೋಳುಗಳು ಕುಗ್ಗುತ್ತವೆ. ಎಂಜಿನಿಯರರು ಪ್ರಿಲೋಡ್ ಎನ್ನುವ ಈ ಮೊದಲ ಎಳೆತ 10 ಟನ್ ಇದೆ ಎನ್ನೋಣ. ಈಗ ಹೊರಗಿನಿಂದ 4 ಟನ್ ಬಲ ಬಂದು ಹೋಳುಗಳನ್ನು ಬಿಡಿಸಲು ನೋಡುತ್ತದೆ. ಬೋಲ್ಟಿನ ಎಳೆತ 14 ಟನ್ ಆಗುತ್ತದೆಯೇ? ಇಲ್ಲ. ಬೋಲ್ಟು ಸಪೂರ, ಹೋಳುಗಳು ದಪ್ಪ. ಹೋಳುಗಳು ಬೋಲ್ಟಿಗಿಂತ ನಾಲ್ಕು ಪಟ್ಟು ಬಿರುಸು ಎಂದುಕೊಂಡರೆ, ಬಂದ 4 ಟನ್ನಿನಲ್ಲಿ 3.2 ಟನ್ ಹೋಳುಗಳ ನಡುವಿನ ಒತ್ತನ್ನು ಕಡಿಮೆ ಮಾಡುವುದರಲ್ಲೇ ಕರಗಿಹೋಗುತ್ತದೆ. ಬೋಲ್ಟಿಗೆ ತಟ್ಟುವುದು 0.8 ಟನ್. ಅದರ ಎಳೆತ 10ರಿಂದ 10.8ಕ್ಕೆ ಹೋಗಿ ಮತ್ತೆ 10ಕ್ಕೆ ಇಳಿಯುತ್ತದೆ. ಭಾರ ದೊಡ್ಡದು, ಏರಿಳಿತ ಸಣ್ಣದು. ವ್ಯೋಲರ್ ಕಂಡುಕೊಂಡ ನಿಯಮದ ಪ್ರಕಾರ ಬೋಲ್ಟಿಗೆ ಬೇಕಾದದ್ದು ಇದೇ.

ಅದೇ ಬೋಲ್ಟನ್ನು 1 ಟನ್ನಿಗೆ ಮಾತ್ರ ಬಿಗಿದಿದ್ದರೆ? ಹೊರಗಿನ ಬಲ 1.25 ಟನ್ ತಲುಪುತ್ತಿದ್ದಂತೆ ಹೋಳುಗಳು ಒಂದನ್ನೊಂದು ಬಿಡುತ್ತವೆ. ಆಮೇಲೆ ಬರುವ ಬಲವೆಲ್ಲ ನೇರವಾಗಿ ಬೋಲ್ಟಿನದೇ. ಎಳೆತ 1ರಿಂದ 4ಕ್ಕೆ, ಮತ್ತೆ 1ಕ್ಕೆ. ಗರಿಷ್ಠ ಎಳೆತ ಮೊದಲಿಗಿಂತ ಅರ್ಧಕ್ಕೂ ಕಡಿಮೆ, ಏರಿಳಿತ ಮಾತ್ರ ಸುಮಾರು ನಾಲ್ಕು ಪಟ್ಟು. ಮಿತಿ ದಾಟಿದ ಮೇಲೆ ಬೋಲ್ಟಿನ ಆಯುಷ್ಯ ಏರಿಳಿತದ ಘನದಂತೆ ಕುಗ್ಗುತ್ತದೆ ಎಂಬುದು ರೂಢಿಯ ಲೆಕ್ಕ. ನಾಲ್ಕು ಪಟ್ಟು ಏರಿಳಿತ ಎಂದರೆ ಆಯುಷ್ಯ ಕಾಲು ಭಾಗಕ್ಕೆ ಇಳಿಯುವುದಿಲ್ಲ, ಐವತ್ತು ಅರವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೋಳುಗಳು ಬಿಟ್ಟುಕೊಂಡಾಗ ಕ್ಯಾಪು ಓರೆಯಾಗಿ ಬೋಲ್ಟು ಬಾಗುತ್ತದೆ, ಅದು ಇನ್ನೊಂದು ಹೊಡೆತ. ಬಿಗಿಯೆಂದರೆ ಬೋಲ್ಟಿನ ಮೇಲೆ ಹೇರಿದ ಹೊರೆ ಎಂದು ತಿಳಿದವರು ಇಲ್ಲಿ ಎಡವುತ್ತಾರೆ. ಬಿಗಿ ಬೋಲ್ಟಿನ ರಕ್ಷಣೆ.

ಇದನ್ನು ಒಪ್ಪಿದ ಮೇಲೆ ಬರುವ ಪ್ರಶ್ನೆ ಕಷ್ಟದ್ದು. ಬೇಕಾದ ಬಿಗಿ ಬಂದಿದೆಯೆಂದು ಹೇಗೆ ತಿಳಿಯುವುದು? ನಿಗದಿ ಮಾಡಿದ ಟಾರ್ಕ್ ಬಂದಾಗ ಸದ್ದು ಮಾಡುವ ಟಾರ್ಕ್ ರೆಂಚ್ ಕಟ್ ಅಂದಿತು, ಅಷ್ಟು ಸಾಕು ಎನ್ನುವವರೇ ಹೆಚ್ಚು. ಆದರೆ ನಾವು ತಿರುವುವ ಶ್ರಮದಲ್ಲಿ ಸುಮಾರು ಅರ್ಧ ನಟ್ಟಿನ ಮುಖದ ಉಜ್ಜಾಟಕ್ಕೆ ಹೋಗುತ್ತದೆ. ಇನ್ನು ನೂರಕ್ಕೆ ನಲವತ್ತು ಥ್ರೆಡ್ಡಿನ ಉಜ್ಜಾಟಕ್ಕೆ. ಬೋಲ್ಟನ್ನು ಎಳೆಯಲು ಉಳಿಯುವುದು ಹತ್ತು. ಥ್ರೆಡ್ಡಿನಲ್ಲಿ ತುಕ್ಕೋ ಪೇಂಟೋ ಹಳೆಯ ಮರಳೋ ಇದ್ದರೆ ಆ ಹತ್ತೂ ಐದಾಗುತ್ತದೆ, ರೆಂಚ್ ಮಾತ್ರ ಸರಿಯಾದ ಅಂಕಿಯಲ್ಲೇ ಕಟ್ ಎನ್ನುತ್ತದೆ. ತಯಾರಕರು ಎಂಜಿನ್ ಎಣ್ಣೆ ಸವರಿ ಬಿಗಿಯಲು ಹೇಳಿದ್ದಲ್ಲಿ ಮಾಲಿಬ್ಡಿನಮ್ ಗ್ರೀಸ್ ಬಳಿದರೆ ಇದರ ವಿರುದ್ಧ ನಡೆಯುತ್ತದೆ, ಬೋಲ್ಟು ಅಳತೆ ಮೀರಿ ಹಿಗ್ಗಿ ಶಾಶ್ವತವಾಗಿ ಉದ್ದವಾಗುತ್ತದೆ. ಹೀಗಾಗಿ ಕೈಪಿಡಿಯಲ್ಲಿ ಟಾರ್ಕಿನ ಅಂಕಿಯ ಪಕ್ಕದಲ್ಲಿ ಯಾವ ಎಣ್ಣೆ, ಎಲ್ಲಿ ಸವರಬೇಕು ಎಂದು ಬರೆದಿರುವ ಸಾಲು ಅಂಕಿಯಷ್ಟೇ ಮುಖ್ಯ. ಆ ಸಾಲನ್ನು ಓದದೆ ಅಂಕಿಯನ್ನು ಮಾತ್ರ ಗೋಡೆಯ ಮೇಲೆ ಬರೆದಿಟ್ಟುಕೊಂಡಿರುವ ಕಾರ್ಯಾಗಾರಗಳು ಅರ್ಧ ಕೆಲಸ ಮಾಡುತ್ತಿವೆ. ಎಲ್ಲ ಸರಿಯಿದ್ದಾಗಲೂ ಟಾರ್ಕ್ ರೆಂಚಿನಿಂದ ಬರುವ ಬಿಗಿಯಲ್ಲಿ ನೂರಕ್ಕೆ 25ರಿಂದ 30ರಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ರೆಂಚನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷೆಗೆ ಕಳಿಸದಿದ್ದರೆ ಆ ಅಂತರ ಇನ್ನೂ ದೊಡ್ಡದಾಗುತ್ತದೆ.

ಇದಕ್ಕಾಗಿಯೇ ಒಳ್ಳೆಯ ತಯಾರಕರು ಬೇರೆ ದಾರಿ ಹಿಡಿದರು. ಮೊದಲು ಸಣ್ಣ ಟಾರ್ಕಿನಲ್ಲಿ ಕೂರಿಸಿ, ಆಮೇಲೆ ಇಷ್ಟು ಡಿಗ್ರಿ ಎಂದು ಕೋನದ ಲೆಕ್ಕದಲ್ಲಿ ತಿರುವುವುದು ಒಂದು. ಥ್ರೆಡ್ಡಿನ ಅಂತರ ಗೊತ್ತಿರುವುದರಿಂದ ಕೋನವು ಬೋಲ್ಟು ಎಷ್ಟು ಹಿಗ್ಗಿತು ಎಂಬುದನ್ನು ಹೆಚ್ಚು ನಂಬಿಕೆಯಿಂದ ಹೇಳುತ್ತದೆ. ಬೋಲ್ಟಿನ ಉದ್ದವನ್ನು ಬಿಗಿಯುವ ಮೊದಲು, ಬಿಗಿದ ಮೇಲೆ ಮೈಕ್ರೋಮೀಟರಿನಲ್ಲಿ ಅಳೆಯುವುದು ಇನ್ನೊಂದು. ಎರಡೂ ತುದಿ ಕೈಗೆ ಸಿಗುವ ಬೋಲ್ಟಿಗೆ ಇದಕ್ಕಿಂತ ಪ್ರಾಮಾಣಿಕ ವಿಧಾನ ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ದೊಡ್ಡ ಎಂಜಿನ್ನುಗಳಲ್ಲಿ ಹೈಡ್ರಾಲಿಕ್ ಜ್ಯಾಕ್ ಹಾಕಿ ಎಣ್ಣೆಯ ಒತ್ತಡದಿಂದ ಬೋಲ್ಟನ್ನೇ ಎಳೆದು ಹಿಗ್ಗಿಸಿ, ನಟ್ಟನ್ನು ಸಣ್ಣ ಸರಳಿನಿಂದ ತಿರುವಿ ಕೂರಿಸಿ, ಒತ್ತಡ ಬಿಡುತ್ತಾರೆ. ಉಜ್ಜಾಟದ ಗೊಡವೆಯೇ ಇಲ್ಲ. ಬಿಚ್ಚುವಾಗ ಯಾವ ಒತ್ತಡಕ್ಕೆ ನಟ್ಟು ಸಡಿಲವಾಯಿತು ಎಂದು ಬರೆದಿಟ್ಟುಕೊಂಡರೆ ಅದು ಬೋಲ್ಟಿನ ಆರೋಗ್ಯದ ವರದಿಯೂ ಆಗುತ್ತದೆ. ಬಿಗಿದದ್ದಕ್ಕಿಂತ ತೀರ ಕಡಿಮೆ ಒತ್ತಡಕ್ಕೇ ನಟ್ಟು ತಿರುಗಿದರೆ, ಆ ಬೋಲ್ಟು ಓಡುತ್ತಿದ್ದಷ್ಟು ಕಾಲವೂ ಅಪಾಯದಲ್ಲಿತ್ತು ಎಂದರ್ಥ.

ಸರಿಯಾಗಿ ಬಿಗಿದದ್ದೂ ಉಳಿಯದೆ ಹೋಗುವುದುಂಟು. ಕ್ಯಾಪಿನ ಮುಖದಲ್ಲಿ ಒಂದು ಸಣ್ಣ ಗಂಟು, ಒರೆಸದೆ ಬಿಟ್ಟ ಕೊಳೆ, ಆ ಮುಖದ ಹಲ್ಲುಗಳ ನಡುವೆ ಸಿಕ್ಕಿದ ಲೋಹದ ಚೂರು ಎಂಜಿನ್ ಓಡತೊಡಗಿದ ಮೇಲೆ ಜಜ್ಜಿಹೋಗಿ ಹೋಳುಗಳು ಕೂಡಿಕೊಳ್ಳುತ್ತವೆ. ಅಷ್ಟರಮಟ್ಟಿಗೆ ಬೋಲ್ಟು ಕುಗ್ಗುತ್ತದೆ. 200 ಮಿಲಿಮೀಟರ್ ಉದ್ದದ ಬೋಲ್ಟನ್ನು ಚೆನ್ನಾಗಿ ಬಿಗಿದಾಗ ಅದು ಹಿಗ್ಗುವುದು ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. 40 ಮಿಲಿಮೀಟರಿನ ಬೋಲ್ಟು ಹಿಗ್ಗುವುದು ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನಷ್ಟು. ಮಿಲಿಮೀಟರಿನ ಐವತ್ತನೇ ಒಂದು ಭಾಗ ಕುಸಿದರೆ ಉದ್ದದ ಬೋಲ್ಟಿಗೆ ಅದು ಲೆಕ್ಕಕ್ಕಿಲ್ಲ, ಗಿಡ್ಡ ಬೋಲ್ಟಿನ ಬಿಗಿಯಲ್ಲಿ ಆರರಲ್ಲೊಂದು ಪಾಲು ಹೋಯಿತು. ಎಂಜಿನ್ ವಿನ್ಯಾಸಕಾರರು ಉದ್ದನೆಯ, ನಡು ಸಪೂರವಾದ ಬೋಲ್ಟುಗಳನ್ನೇ ಬಯಸುವುದು ಇದರಿಂದಾಗಿ. ತಳ ಮುಚ್ಚಿದ ರಂಧ್ರಕ್ಕೆ ಕೂರುವ ಸ್ಟಡ್ಡಿನದು ಮತ್ತೊಂದು ಬಗೆಯ ಮೋಸ. ರಂಧ್ರದಲ್ಲಿ ಎಣ್ಣೆಯೋ ನೀರೋ ನಿಂತಿದ್ದರೆ ಸ್ಟಡ್ಡು ಅದರ ಮೇಲೆ ಒತ್ತಿ ನಿಲ್ಲುತ್ತದೆ. ಕೈಗೆ ಬಿಗಿಯಾದಂತೆ ತೋರುತ್ತದೆ, ಬಿಗಿ ಬಂದಿರುವುದಿಲ್ಲ, ಎರಕ ಬಿರಿಯಲೂಬಹುದು. ರಂಧ್ರವನ್ನು ಗಾಳಿ ಹೊಡೆದು ಒಣಗಿಸಲು ಬೇಕಾದದ್ದು ಒಂದು ನಿಮಿಷ.

ಸ್ಪ್ರಿಂಗ್ ವಾಷರಿನ ಮೇಲೆ ನಮ್ಮಲ್ಲಿರುವ ಭರವಸೆಯನ್ನೂ ಬಿಡಬೇಕಾದ ಕಾಲ ಬಂದಿದೆ. ನಟ್ಟು ತಾನಾಗಿ ಬಿಚ್ಚಿಕೊಳ್ಳುವುದು ಮುಖ್ಯವಾಗಿ ಅಡ್ಡ ಅದುರಾಟದಿಂದ ಎಂದು ಜರ್ಮನ್ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ತೋರಿಸಿದ. ಅವನು ರೂಪಿಸಿದ ಯಂತ್ರದಲ್ಲಿ ಪರೀಕ್ಷಿಸಿದಾಗ ಸಾಮಾನ್ಯ ಸ್ಪ್ರಿಂಗ್ ವಾಷರು ಬಿಗಿಯನ್ನು ಹಿಡಿದಿಡುವುದಿಲ್ಲ. ಗಟ್ಟಿ ಬೋಲ್ಟಿನ ಬಿಗಿಗೆ ಅದು ಪೂರ್ತಿ ಚಪ್ಪಟೆಯಾಗಿಬಿಡುತ್ತದೆ. ಅದರ ಜರ್ಮನ್ ಮಾನಕವನ್ನು 2003ರಲ್ಲೇ ಹಿಂತೆಗೆದುಕೊಳ್ಳಲಾಯಿತು. ಕನೆಕ್ಟಿಂಗ್ ರಾಡಿನಂಥ ಜಾಗದಲ್ಲಿ ತಯಾರಕರು ಹೇಳದ ವಾಷರನ್ನು ಸೇರಿಸುವುದು ಸುರಕ್ಷತೆ ಹೆಚ್ಚಿಸುವುದಿಲ್ಲ, ಬಿಗಿ ಕುಸಿಯಲು ಇನ್ನೊಂದು ಜಾಗ ಮಾಡಿಕೊಡುತ್ತದೆ.

ಬಿರುಕು ಹುಟ್ಟುವ ಸ್ಥಳವೂ ಹೆಚ್ಚುಕಡಿಮೆ ನಿಶ್ಚಿತ. ನಟ್ಟಿನೊಳಗೆ ಹಲವು ಸುತ್ತು ಥ್ರೆಡ್ ಕಚ್ಚಿಕೊಂಡಿದ್ದರೂ ಭಾರದ ಮೂರರಲ್ಲೊಂದು ಪಾಲನ್ನು ಹೊರುವುದು ಮೊದಲ ಸುತ್ತು. ಹೆಚ್ಚಿನ ಬೋಲ್ಟುಗಳು ಮುರಿಯುವುದು ಅಲ್ಲಿ. ನಂತರದ ಸ್ಥಾನ ಥ್ರೆಡ್ ಮುಗಿದು ನುಣುಪು ಮೈ ಶುರುವಾಗುವ ಜಾಗಕ್ಕೆ, ಆಮೇಲೆ ತಲೆಯ ಕೆಳಗಿನ ತಿರುವಿಗೆ. ಕಾರ್ಖಾನೆಯಲ್ಲಿ ಥ್ರೆಡ್ಡನ್ನು ಕೊರೆಯುವುದಿಲ್ಲ, ಉರುಳೆಗಳ ನಡುವೆ ಒತ್ತಿ ಮೂಡಿಸುತ್ತಾರೆ. ಅದರಿಂದ ಬುಡ ದುಂಡಗಿರುತ್ತದೆ. ಶಾಖ ಸಂಸ್ಕಾರ ಮುಗಿದ ಮೇಲೆ ಒತ್ತಿದ್ದಾದರೆ ಬುಡದ ಲೋಹ ಒತ್ತಿನಲ್ಲೇ ಉಳಿದು ಬಿರುಕಿಗೆ ಎಡೆಗೊಡದೆ ದಣಿವಿನ ಮಿತಿಯೂ ಮೇಲೇರುತ್ತದೆ. ಮಾದರಿ ಕೊಟ್ಟು ಲೇತಿನಲ್ಲಿ ಮಾಡಿಸಿಕೊಂಡ ಬೋಲ್ಟು ನೋಡಲು ತದ್ರೂಪ, ಅಳತೆಯೂ ಸರಿ. ಆದರೆ ಅದರ ಥ್ರೆಡ್ಡಿನ ಬುಡ ಚೂಪು, ಅಲ್ಲಿ ಉಳಿಯ ಗೀರುಗಳಿರುತ್ತವೆ. ಎಂಜಿನ್ ಪಾಯದ ಮೇಲಿನ ಯಾವುದೋ ಬ್ರಾಕೆಟ್ಟಿಗೆ ಅದು ನಡೆದೀತು. ಕನೆಕ್ಟಿಂಗ್ ರಾಡಿಗೆ ಅಂಥದನ್ನು ಹಾಕುವುದು ತಪ್ಪು ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಗುರುತಿಗೆಂದು ಬೋಲ್ಟಿನ ಮೈಮೇಲೆ ಪಂಚಿನಿಂದ ಚುಕ್ಕೆ ಹೊಡೆಯುವುದು, ಹಿಡಿದುಕೊಳ್ಳಲು ಪೈಪ್ ರೆಂಚ್ ಕಚ್ಚಿಸುವುದು ಕೂಡ ಬಿರುಕಿಗೆ ಬೀಜ ಬಿತ್ತಿದಂತೆಯೇ. ಗುರುತು ಬೇಕಿದ್ದರೆ ಪೇಂಟಿನ ಚುಕ್ಕೆ ಸಾಕು. ಇನ್ನು ಎಣ್ಣೆಯಲ್ಲಿ ನೀರು ಸೇರಿದರೆ ಬೋಲ್ಟಿನ ಮೈಯಲ್ಲಿ ಹೊಂಡಗಳೇಳುತ್ತವೆ. ಉಪ್ಪುನೀರಿನಲ್ಲಿ ಉಕ್ಕಿಗೆ ದಣಿವಿನ ಮಿತಿ ಎಂಬುದೇ ಉಳಿಯುವುದಿಲ್ಲ, ಎಷ್ಟು ಸಣ್ಣ ಏರಿಳಿತವಾದರೂ ಒಂದಲ್ಲ ಒಂದು ದಿನ ಮುರಿಯುತ್ತದೆ. ಎಣ್ಣೆಯನ್ನು ತಣಿಸುವ ಕೂಲರಿನ ಸಣ್ಣ ಸೋರಿಕೆಯನ್ನು ಮುಂದಿನ ಬಂದರಿನವರೆಗೆ ತಳ್ಳುವವರು ಇದನ್ನು ನೆನಪಿಡಬೇಕು.

ಬೋಲ್ಟುಗಳ ದಣಿವನ್ನು ಕಡೆಗಣಿಸಿದರೆ ಆಗುವ ಅನಾಹುತಕ್ಕೆ ಎಂಜಿನ್ ಕೋಣೆಯಾಚೆಯ ಒಂದು ದುರಂತವನ್ನು ಹೇಳಲೇಬೇಕು. ರಷ್ಯಾದ ಸಯಾನೊ-ಶುಶೆನ್‌ಸ್ಕಯಾ ಜಲವಿದ್ಯುತ್ ಕೇಂದ್ರದ ಎರಡನೇ ಟರ್ಬೈನಿನ ಮುಚ್ಚಳವನ್ನು 80 ಸ್ಟಡ್ಡುಗಳು ಹಿಡಿದಿದ್ದವು. ಟರ್ಬೈನು ಅತಿಯಾಗಿ ಅದುರುತ್ತಿತ್ತು. 2009ರ ಆಗಸ್ಟ್ 17ರ ಬೆಳಿಗ್ಗೆ ಸ್ಟಡ್ಡುಗಳು ಮುರಿದು ಮುಚ್ಚಳ ಹಾರಿತು, ನೀರು ಯಂತ್ರಗಾರಕ್ಕೆ ನುಗ್ಗಿ 75 ಜನ ಸತ್ತರು. ತನಿಖೆಯವರು ಪರೀಕ್ಷಿಸಿದ 49 ಸ್ಟಡ್ಡುಗಳಲ್ಲಿ 41ರಲ್ಲಿ ದಣಿವಿನ ಬಿರುಕು ಇತ್ತು. ಆ ಬಿರುಕುಗಳು ಆ ದಿನ ಬೆಳಿಗ್ಗೆ ಹುಟ್ಟಿದ್ದಲ್ಲ. ಬಿಚ್ಚಿ ನೋಡಿದ್ದರೆ, ಮೊದಲೇ ಕಾಣುತ್ತಿದ್ದವು.

ಹಾಗೆಂದು ಸುಮ್ಮಸುಮ್ಮನೆ ಬಿಚ್ಚುವುದೂ ಅಪಾಯವೇ. ಹಡಗು ವಿಮೆಯ ಸ್ವೀಡಿಷ್ ಕ್ಲಬ್ ತನ್ನ ಪರಿಹಾರದ ಅರ್ಜಿಗಳನ್ನು ವಿಶ್ಲೇಷಿಸಿದಾಗ, ಜನರೇಟರ್ ಎಂಜಿನ್ನುಗಳ ದೊಡ್ಡ ಹಾನಿಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಒಂದು ದುರಸ್ತಿಯಿಂದ ಮುಂದಿನ ದುರಸ್ತಿಯವರೆಗಿನ ಅವಧಿಯ ಮೊದಲ ಹತ್ತರಲ್ಲೊಂದು ಭಾಗದಲ್ಲೇ ಆಗಿದ್ದವು. ಅಂದರೆ ಎಂಜಿನ್ ಹಳತಾಗಿ ಕೆಟ್ಟದ್ದಕ್ಕಿಂತ ಜೋಡಿಸುವಾಗ ಕೆಟ್ಟದ್ದೇ ಹೆಚ್ಚು. ಬಂದರಿನಲ್ಲಿ ಹಡಗು ನಿಲ್ಲುವ ಸಮಯ ಕಡಿಮೆ, ಎಂಜಿನಿಯರರಿಗೆ ನಿದ್ದೆ ಕಡಿಮೆ, ಕೈಪಿಡಿ ಕಚೇರಿಯಲ್ಲಿ, ಕೆಲಸ ಹಡಗಿನ ತಳದಲ್ಲಿ. ಈ ಪರಿಸ್ಥಿತಿಯನ್ನು ಸರಿಪಡಿಸುವ ಹೊಣೆ ರೆಂಚ್ ಹಿಡಿದವನದು ಮಾತ್ರವಲ್ಲ. ಅವಸರಪಡಿಸುವ ಕಂಪನಿಯದೂ ಹೌದು. ಇಂಥ ಬೋಲ್ಟುಗಳಿಗೆ ತಯಾರಕರು ಸಾಮಾನ್ಯವಾಗಿ ಇಷ್ಟು ಗಂಟೆ ಎಂದು ಆಯುಷ್ಯ ನಿಗದಿ ಮಾಡಿರುತ್ತಾರೆ. ಆ ಗಂಟೆ ತುಂಬಿದಾಗ ಬೋಲ್ಟುಗಳನ್ನು ಜೊತೆಯಾಗಿ ಬದಲಿಸಬೇಕು. ಮುರಿದದ್ದೊಂದನ್ನೇ ಬದಲಿಸಿ ಅದರ ಜೊತೆಗಾರರನ್ನು ಉಳಿಸಿಕೊಳ್ಳುವುದು ಉಳಿತಾಯವಲ್ಲ, ಅವೂ ಅಷ್ಟೇ ಎಳೆತ ಕಂಡಿವೆ.

ಒಂದು ಬೋಲ್ಟು ಮುರಿದೇಹೋದರೆ ಆ ತುಂಡುಗಳನ್ನು ಎಸೆಯಬೇಡಿ. ಎರಡು ಮುಖಗಳನ್ನು ಜೋಡಿಸಿ ನೋಡುವ ಆಸೆಯನ್ನು ತಡೆದುಕೊಳ್ಳಿ, ಉಜ್ಜಿದರೆ ಸಾಕ್ಷ್ಯ ಅಳಿಸಿಹೋಗುತ್ತದೆ. ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಡಿ. ದಣಿವಿನಿಂದ ಮುರಿದ ಮುಖದಲ್ಲಿ ನುಣುಪಾದ ಒಂದು ಭಾಗವಿರುತ್ತದೆ, ಅದರ ಮೇಲೆ ಅಲೆಯಂಥ ಬಾಗಿದ ಗೆರೆಗಳು. ಗೆರೆಗಳು ಎಲ್ಲಿಂದ ಹರಡಿವೆಯೋ ಅಲ್ಲಿ ಬಿರುಕು ಹುಟ್ಟಿದೆ. ಉಳಿದ ಒರಟು ಭಾಗ ಕಡೆಯ ಕ್ಷಣದಲ್ಲಿ ಹರಿದದ್ದು. ನುಣುಪು ಭಾಗವೇ ಮುಖವನ್ನೆಲ್ಲ ಆವರಿಸಿ ಒರಟು ಭಾಗ ಸಣ್ಣದಾಗಿದ್ದರೆ ಬೋಲ್ಟಿನ ಮೇಲಿದ್ದ ಒಟ್ಟು ಎಳೆತ ಕಡಿಮೆಯೇ ಇತ್ತು ಎಂದರ್ಥ. ಆಗ ಅನುಮಾನಿಸಬೇಕಾದ್ದು ಸಾಲದ ಬಿಗಿಯನ್ನು. ಬಿರುಕು ಒಂದೇ ಬದಿಯಿಂದ ಹೊರಟಿದ್ದರೆ ಬೋಲ್ಟು ಬಾಗುತ್ತಿತ್ತು, ಕ್ಯಾಪಿನ ಮುಖಗಳನ್ನು ನೋಡಿ. ಇಷ್ಟನ್ನು ಬರಿಗಣ್ಣಿನಿಂದಲೇ ಓದಬಹುದು. ಇದನ್ನು ಓದದೆ ಹೊಸ ಬೋಲ್ಟು ಹಾಕಿದರೆ ಹೊಸದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ನಮ್ಮ ಕರಾವಳಿಗೆ ಇದು ದೂರದ ವಿಷಯವಲ್ಲ. ಮಲ್ಪೆ, ಮಂಗಳೂರು, ಗಂಗೊಳ್ಳಿ, ತದಡಿ, ಕಾರವಾರದ ಯಾಂತ್ರಿಕ ದೋಣಿಗಳು ಓಡುವುದು ನಾಲ್ಕು ಸ್ಟ್ರೋಕಿನ ಡೀಸೆಲ್ ಎಂಜಿನ್ನುಗಳಲ್ಲಿ. ಅವುಗಳ ವೇಗ ನಾನು ಲೆಕ್ಕ ಹಾಕಿದ 750 ಸುತ್ತಿಗಿಂತ ಬಹಳ ಹೆಚ್ಚು. ಆಳಸಮುದ್ರಕ್ಕೆ ಹೋದ ಟ್ರಾಲ್ ಬೋಟಿನಲ್ಲಿ ಎಂಜಿನ್ ಒಂದೇ. ಅದು ನಿಂತರೆ ದೋಣಿ ನಡೆಸುವ ತಾಂಡೇಲರಿಗೂ ಅವರ ಜೊತೆಯವರಿಗೂ ಇನ್ನೊಂದು ದೋಣಿ ಬಂದು ಎಳೆದೊಯ್ಯುವ ತನಕ ಗಾಳಿ ಒಯ್ದತ್ತ ತೇಲುವುದೇ ಗತಿ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಎಂಜಿನ್ನುಗಳನ್ನು ಬಿಚ್ಚುವ ಪದ್ಧತಿ ಇದೆ, ಅದು ಒಳ್ಳೆಯ ಪದ್ಧತಿ. ಹಿರಿಯ ಮೆಕ್ಯಾನಿಕ್ಕುಗಳ ಕೈಯ ಅನುಭವದ ಬಗ್ಗೆ ನನಗೆ ಗೌರವವಿದೆ. ಎಂಜಿನ್ನಿನ ಸದ್ದು ಕೇಳಿಯೇ ಯಾವ ಸಿಲಿಂಡರಿನ ತೊಂದರೆ ಎಂದು ಹೇಳುವವರು ಅವರಲ್ಲಿದ್ದಾರೆ. ಆದರೆ ಬೋಲ್ಟಿನೊಳಗಿನ ಎಳೆತ ಕೈಗೆ ತಿಳಿಯುವುದಿಲ್ಲ, ಯಾರ ಕೈಗೂ ತಿಳಿಯುವುದಿಲ್ಲ.

ಆದ್ದರಿಂದ ದೋಣಿಯ ಮಾಲೀಕರಲ್ಲಿ ನನ್ನ ವಿನಂತಿ ಇದು. ಒಬ್ಬೊಬ್ಬರಿಗೆ ಆಗದಿದ್ದರೆ ಹತ್ತು ದೋಣಿಯವರು ಸೇರಿ, ಅಥವಾ ನಿಮ್ಮ ಮೀನುಗಾರರ ಸಹಕಾರ ಸಂಘದಿಂದ, ಒಳ್ಳೆಯದೊಂದು ಟಾರ್ಕ್ ರೆಂಚನ್ನೂ ಕೋನ ಅಳೆಯುವ ಡಯಲನ್ನೂ ಕೊಂಡಿಡಿ, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಎಂಜಿನ್ ತಯಾರಕರ ಕೈಪಿಡಿಯ ಬೋಲ್ಟಿನ ಪುಟಗಳನ್ನು ಪ್ರತಿಮಾಡಿಸಿ ಮೆಕ್ಯಾನಿಕ್ಕಿನ ಕೈಗೆ ಕೊಡಿ. ಇವತ್ತಿನ ಹಲವು ಎಂಜಿನ್ನುಗಳ ಹೆಡ್ ಬೋಲ್ಟು, ರಾಡ್ ಬೋಲ್ಟುಗಳನ್ನು ಒಮ್ಮೆ ಬಿಗಿದು ಬಿಚ್ಚಿದ ಮೇಲೆ ಮತ್ತೆ ಹಾಕುವಂತಿಲ್ಲ, ಇಲ್ಲವೇ ಉದ್ದ ಅಳೆದು ಮಿತಿಯೊಳಗಿದ್ದರೆ ಮಾತ್ರ ಹಾಕಬಹುದು. ಆ ನಿಯಮವನ್ನು ಪಾಲಿಸಲು ಹಣ ಎತ್ತಿಡಿ. ಯಾವ ಬೋಲ್ಟು, ಯಾವ ದಿನ, ಎಷ್ಟು ಬಿಗಿ, ಎಂಜಿನ್ ಆಗ ಎಷ್ಟು ಗಂಟೆ ಓಡಿತ್ತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ, ಅದನ್ನು ದೋಣಿಯ ಕಾಗದಪತ್ರಗಳ ಜೊತೆಯಲ್ಲೇ ಇಡಿ. ಈ ಮಳೆಗಾಲದಲ್ಲೇ ಶುರುಮಾಡಿ.